ಸ್ಪಾರ್ಟಕಸ್ ಬಿಡಿ, ಹೆಣ ಹೊರೋರ ಬಗ್ಗೆ ಬರೀರಿ

ನಮಸ್ಕಾರ. ನೀವು ಕಳ್ಸಿದ್ದ 'ರೋಮಿನ ದನಿಯಿಲ್ಲದವರು' ಲೇಖನ ಎರಡ್ ಸಲ ಓದ್ದೆ. ಈಗಿರೋ ಹಾಗೆ ಹಾಕಕ್ಕಾಗಲ್ಲ, ಮೊದ್ಲೇ ಹೇಳ್ಬಿಡ್ತೀನಿ, ಸುಮ್ನೆ ಕಾಯ್ಸೋದು ನಂಗಿಷ್ಟ ಇಲ್ಲ.

ಮೊದಲ ನಾಲ್ಕ್ ಪುಟ ಪೂರ್ತಿ ರೋಮ್ ವಿರುದ್ಧ ದಂಗೆ ಎದ್ದ ಗುಲಾಮ ಸ್ಪಾರ್ಟಕಸ್. ಅವನ ಕಥೆ ಗೊತ್ತಿಲ್ದೇ ಇರೋರು ಯಾರಿದಾರೆ ಹೇಳಿ? ಆಮೇಲೆ ಎರಡ್ ಕಡೆ ಎಡವಿದೀರಿ. ಯುದ್ಧದ ಹಡಗಲ್ಲಿ ಸರಪಳಿ ಹಾಕಿದ ಗುಲಾಮರು ಹುಟ್ಟು ಹಾಕ್ತಿದ್ರು ಅಂತೀರಿ, ಅದು ಸಿನಿಮಾ, ರೋಮನ್ ನೌಕಾಪಡೆಲಿ ಹುಟ್ಟು ಹಾಕ್ತಿದ್ದೋರು ಹೆಚ್ಚಾಗಿ ಸ್ವತಂತ್ರ ಜನರೇ. ಇನ್ನೊಂದು, ಗುಲಾಮರಿಗೆಲ್ಲ ಬೇರೆ ಯೂನಿಫಾರ್ಮ್ ಅಂತ ಬರ್ದಿದೀರಲ್ಲ, ಹಾಗ್ ಮಾಡೋಣ ಅಂತ ಸೆನೆಟ್‌ನಲ್ಲಿ ಒಮ್ಮೆ ಮಾತ್ ಬಂದಿತ್ತಂತೆ, ಆದ್ರೆ ಗುಲಾಮರು ನಮ್ಮನ್ನ ಎಣಿಸೋಕೆ ಶುರು ಮಾಡಿದ್ರೆ ಕಷ್ಟ ಅಂತ ಕೈಬಿಟ್ರು ಅಂತ ರೋಮನ್ ತತ್ವಜ್ಞಾನಿ ಸೆನೆಕ ಹೇಳ್ತಾನೆ. ನಿಮ್ ತಪ್ಪಿಗಿಂತ ಅದೇ ಒಳ್ಳೇ ಕಥೆ ಅಲ್ವಾ!

ಕ್ರಿ.ಶ. 61ರಲ್ಲಿ ರೋಮಿನ ನಗರಾಧಿಕಾರಿ ಪೆಡಾನಿಯಸ್‌ನನ್ನ ಅವನದೇ ಒಬ್ಬ ಗುಲಾಮ ಕೊಂದಿದ್ದಕ್ಕೆ ಆ ಮನೆಯ 400 ಗುಲಾಮರಿಗೂ ಮರಣದಂಡನೆ ಆಯ್ತು ಅಂತ ಬರ್ದು, ಆಮೇಲೆ 'ಅಯ್ಯೋ ಪಾಪ', 'ಕ್ರೂರ ಸಾಮ್ರಾಜ್ಯ' ಅಂತ ಮೂರ್ ಪ್ಯಾರಾ ಗೋಳಾಡಿದೀರಿ. ಬೇಡ. ಅವತ್ತು ರೋಮಿನ ಸಾಮಾನ್ಯ ಜನ ಕಲ್ಲು, ಪಂಜು ಹಿಡ್ಕೊಂಡು ಅಡ್ಡ ನಿಂತಿದ್ರು, ಚಕ್ರವರ್ತಿ ನೀರೋ ದಾರಿಯುದ್ದಕ್ಕೂ ಸೈನಿಕರನ್ನ ನಿಲ್ಲಿಸ್ಬೇಕಾಯ್ತು. ಅದನ್ನೇ ಬಿಟ್ಬಿಟ್ಟಿದೀರಿ.

ಇಷ್ಟಾದ್ರೂ ನಿಮ್ಮನ್ನ ಬಿಡೋಕೆ ಮನಸ್ಸಿಲ್ಲ, ಯಾಕಂದ್ರೆ ಆರನೇ ಪುಟದಲ್ಲಿ ಎರಡೇ ಸಾಲಲ್ಲಿ ಪುತೆಯೋಲಿ ಶಾಸನದ ಹೆಸ್ರು ಹೇಳಿ ಮುಂದೆ ಓಡ್ಬಿಟ್ಟಿದೀರಿ. ಸ್ವಾಮಿ, ಲೇಖನ ಇರೋದೇ ಅಲ್ಲಿ! ಇಟಲಿಯ ನೇಪಲ್ಸ್ ಹತ್ರದ ಊರು, ಹೆಣ ಸಾಗಿಸೋ ಕಾಂಟ್ರಾಕ್ಟಿನ ಷರತ್ತುಗಳು, ಸುಮಾರು 2000 ವರ್ಷದ ಹಿಂದಿಂದು. ಕಾಂಟ್ರಾಕ್ಟರ್ ಹತ್ರ ಕನಿಷ್ಠ 32 ಆಳಿರ್ಬೇಕು, ಕುಂಟ ಕುರುಡ ಆಗಿರ್ಬಾರ್ದು. ಅವರು ಊರೊಳಗೆ ಇರೋ ಹಾಗಿಲ್ಲ, ಸ್ನಾನ ಮಾಡೋದಾದ್ರೆ ಕತ್ತಲಾದ್ಮೇಲೆ, ಕೆಲಸಕ್ಕೆ ಅಂತ ಊರೊಳಗೆ ಬಂದ್ರೂ ತಲೆ ಮೇಲೆ ಬಣ್ಣದ ಟೋಪಿ ಇರ್ಲೇಬೇಕು. ಕೊಕ್ಕೆ ಹಾಕಿ ಹೆಣ ಎಳೆಯೋವಾಗ ಕೆಂಪು ಬಟ್ಟೆ ಹಾಕಿರ್ಬೇಕು, ಜೊತೆಗೆ ಗಂಟೆ ಬಾರಿಸ್ಬೇಕು. ನೇಣು ಹಾಕ್ಕೊಂಡೋರ ಹೆಣನ ಸುದ್ದಿ ಬಂದ ಒಂದ್ ತಾಸಿನೊಳಗೇ ಇಳಿಸ್ಬೇಕು. ಗುಲಾಮರನ್ನ ಶಿಕ್ಷಿಸೋ ಕೆಲಸಾನೂ ಇವರದ್ದೇ, ಅಂದ್ರೆ ಕೆಳಗಿರೋರ ಕೈಲೇ ಕೆಳಗಿರೋರನ್ನ ಹೊಡೆಸೋದು.

ಇದನ್ನ ಓದೋ ಕನ್ನಡದವರಿಗೆ ಯಾವ್ದು ನೆನಪಾಗುತ್ತೆ ಅಂತ ನಿಮಗೂ ಗೊತ್ತು ನಂಗೂ ಗೊತ್ತು, ಆದ್ರೆ 'ನಮ್ಮಲ್ಲೂ ಹೀಗೇ' ಅಂತ ನೀವು ಬರೀಬೇಡಿ, ಅಲ್ಲಿದ್ದುದು ಜಾತಿ ಅಲ್ಲ, ಓದೋರು ಅವರೇ ಯೋಚ್ನೆ ಮಾಡ್ಲಿ.

ಆ ಗಂಟೆ ಸದ್ದಿಂದಲೇ ಶುರು ಮಾಡಿ, 1200 ಪದ ಸಾಕು. ಮತ್ತೆ ದಯವಿಟ್ಟು ಯೂನಿಕೋಡಲ್ಲಿ ಕಳ್ಸಿ, ಹೋದ ಸಲ ಒತ್ತಕ್ಷರ ಎಲ್ಲಾ ಒಡೆದು ಸೆನೆಕ ಯಾರು ನೀರೋ ಯಾರು ಅಂತ ಹುಡ್ಕೋದೇ ಒಂದ್ ಕೆಲಸ ಆಯ್ತು.