ಅಡಿಕೆ ಮಾರುವ ಮೊದಲು ಬರೆದಿಡಬೇಕಾಗಿದ್ದ ಚೀಟಿ

ಕೆಲಸ ಬಿಟ್ಟು ಸ್ವಂತ ಉದ್ಯೋಗ ಆರಂಭಿಸುವ ಯೋಚನೆಯಲ್ಲಿರುವ ನೀವು, ವಿವೇಕದಿಂದ ನಿರ್ಧರಿಸಲು ನೆರವಾಗಲೆಂದು ಪ್ರತಿ ರಾತ್ರಿ ಆತ್ಮಾವಲೋಕನದ ಡೈರಿ ಬರೆಯುವ ಅಭ್ಯಾಸವನ್ನು 21 ದಿನಗಳಲ್ಲಿ ರೂಢಿಸಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ಆ ಡೈರಿಯನ್ನು ನಾನು ಮೂರೂವರೆ ವರ್ಷ ಹೆಚ್ಚುಕಡಿಮೆ ತಪ್ಪದೆ ಬರೆದಿದ್ದೇನೆ. ಅದು ನನ್ನನ್ನು ವಿವೇಕಿಯನ್ನಾಗಿಸಲಿಲ್ಲ. ನನ್ನ ತಪ್ಪನ್ನು ನನ್ನಿಂದಲೇ ಮುಚ್ಚಿಟ್ಟಿತು.

ನಮ್ಮದು ತೀರ್ಥಹಳ್ಳಿ ಕಡೆಯ ಸಣ್ಣ ಅಡಿಕೆ ತೋಟ. 2014ರಲ್ಲಿ ಅಡಿಕೆಗೆ ಹಿಂದೆಂದೂ ಕಾಣದ ಧಾರಣೆ ಬಂದಿತ್ತು; ಮಳೆಗಾಲ ಮುಗಿಯುವ ಹೊತ್ತಿಗೆ 'ರಾಶಿ' ಎಂಬ ಬಗೆಯ ಕೆಂಪಡಿಕೆ ಕ್ವಿಂಟಾಲಿಗೆ 70 ಸಾವಿರ ರೂಪಾಯಿ ದಾಟಿತ್ತು. ಮಂಡಿಯಲ್ಲಿ ನನ್ನ 12 ಕ್ವಿಂಟಾಲ್ ಇತ್ತು. 72 ಸಾವಿರಕ್ಕೆ ಕೇಳಿದರೂ ನಾನು ಕೊಡಲಿಲ್ಲ. ಧಾರಣೆ ಇಳಿಯತೊಡಗಿದಾಗ ಮತ್ತೆ ಏರುತ್ತದೆಂದು ಕಾದೆ, ಕೊನೆಗೆ ಮರುವರ್ಷದ ಡಿಸೆಂಬರಿನಲ್ಲಿ ಸಾಲದ ಕಂತಿಗಾಗಿ ಅಷ್ಟನ್ನೂ 27 ಸಾವಿರದಂತೆ ಬಿಟ್ಟುಕೊಟ್ಟೆ. ಲೆಕ್ಕ ಹಾಕಿದರೆ 5 ಲಕ್ಷ 40 ಸಾವಿರ ರೂಪಾಯಿ ಕೈತಪ್ಪಿತ್ತು.

ಆದರೆ ನಾನು ಹೇಳಹೊರಟಿರುವ ತಪ್ಪು ಅದಲ್ಲ. ಮುಂದೇನಾಗುತ್ತದೆಂದು ತಿಳಿಯದೆ ಕಾಯುವುದು ಬೆಳೆಗಾರರೆಲ್ಲರಿಗೂ ಇದ್ದದ್ದೇ. ನನ್ನ ತಪ್ಪು ನಡೆದದ್ದು ಅಡಿಕೆ ಮಾರಿದ ದಿನದ ರಾತ್ರಿ, ಡೈರಿಯ ಮುಂದೆ. 'ಧಾರಣೆ ಇಳಿಯುತ್ತದೆಂದು ನನಗೆ ಮೊದಲೇ ಅನ್ನಿಸಿತ್ತು, ಮನೆಯವರ ಮಾತಿಗೆ ಕಟ್ಟುಬಿದ್ದು ಸುಮ್ಮನಾದೆ' ಎಂದು ಅಂದು ಬರೆದೆ. ಬರೆಯುವಾಗ ಸುಳ್ಳು ಹೇಳುತ್ತಿದ್ದೇನೆಂಬ ಅರಿವು ನನಗೆ ಎಳ್ಳಷ್ಟೂ ಇರಲಿಲ್ಲ. ಪ್ರಾಮಾಣಿಕವಾಗಿ ನನ್ನೊಳಗನ್ನು ನೋಡಿಕೊಳ್ಳುತ್ತಿದ್ದೇನೆಂದೇ ನಂಬಿದ್ದೆ, ಮತ್ತು ಒಮ್ಮೆ ಅಕ್ಷರಕ್ಕೆ ಇಳಿದ ಮೇಲೆ ಆ ಮಾತು ನನ್ನ ಪಾಲಿಗೆ ದಾಖಲೆಯಾಗಿಬಿಟ್ಟಿತು. ಆ ದಾಖಲೆಯಿಂದ ನಾನು ಕಲಿತ ಪಾಠವೇನೆಂದರೆ, ನನ್ನ ಮನಸ್ಸಿನ ಮೊದಲ ಅನ್ನಿಸಿಕೆ ಯಾವಾಗಲೂ ಸರಿ, ಬೇರೆಯವರ ಮಾತು ಕೇಳಬಾರದು ಎಂಬುದು. ಮುಂದಿನ ಬೇಸಿಗೆಯಲ್ಲಿ ಅದೇ ಪಾಠವನ್ನು ನೆಚ್ಚಿ, ಎಲ್ಲರೂ ಬೇಡವೆಂದ ಜಾಗದಲ್ಲಿ ಕೊಳವೆಬಾವಿ ತೆಗೆಸಿದೆ. 400 ಅಡಿಗೆ ನೀರು ಸಿಗದಿದ್ದರೂ ನಿಲ್ಲಿಸದೆ 650 ಅಡಿಯವರೆಗೆ ಕೊರೆಸಿದೆ. ಬಂದದ್ದು ಬರೀ ದೂಳು.

ಬೆಂಗಳೂರಿನಲ್ಲಿರುವ ತಮ್ಮ ಹಬ್ಬಕ್ಕೆ ಬಂದಾಗ, 'ಅಂದು ನೀವೆಲ್ಲ ತಡೆಯದಿದ್ದರೆ ನಾನು 72 ಸಾವಿರಕ್ಕೇ ಮಾರುತ್ತಿದ್ದೆ' ಎಂದು ಅವನ ಮೇಲೆ ರೇಗಿದೆ. ಅವನು ಎದುರಾಡಲಿಲ್ಲ. 'ಅಣ್ಣ, ಇದನ್ನೊಮ್ಮೆ ಓದು' ಎಂದು ತನ್ನ ಮೊಬೈಲಿನಲ್ಲಿದ್ದ ಹಳೆಯ ಸಂದೇಶಗಳನ್ನು ತೆಗೆದುಕೊಟ್ಟ. ಅರ್ಧವನ್ನಾದರೂ ಮಾರು ಎಂದು ಅವನೇ ಎರಡು ಬಾರಿ ಕೇಳಿಕೊಂಡಿದ್ದ. ಲಕ್ಷ ಮುಟ್ಟುವವರೆಗೆ ಒಂದು ಚೀಲವನ್ನೂ ಬಿಡುವುದಿಲ್ಲ ಎಂದು ಉತ್ತರಿಸಿದ್ದವನು ನಾನು. ಮಾತು ನನ್ನದೇ, ದಿನಾಂಕವೂ ಅಲ್ಲೇ ಇತ್ತು. ಅಂದು ಆದ ನಾಚಿಕೆ ಇಂದಿಗೂ ಪೂರ್ತಿ ಆರಿಲ್ಲ. ಕಳೆದುಕೊಂಡ ಹಣಕ್ಕಿಂತ, ಮಾಡದ ತಪ್ಪಿಗೆ ತಮ್ಮನನ್ನು ವರ್ಷಗಟ್ಟಲೆ ಮನಸ್ಸಿನಲ್ಲೇ ದೂರುತ್ತಿದ್ದೆನಲ್ಲ ಎಂಬುದು ನನ್ನನ್ನು ಹೆಚ್ಚು ಕಾಡಿತು.

ಇದು ನನ್ನೊಬ್ಬನ ದೌರ್ಬಲ್ಯವಲ್ಲವೆಂದು ಆಮೇಲೆ ಓದಿ ತಿಳಿದುಕೊಂಡೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ಸೋವಿಯತ್ ಒಕ್ಕೂಟಕ್ಕೆ ಭೇಟಿ ಕೊಡುವ ಮೊದಲು, ಆ ಭೇಟಿಗಳಲ್ಲಿ ಏನೇನು ನಡೆಯುವ ಸಂಭವ ಎಷ್ಟೆಷ್ಟು ಎಂದು ಬರೂಕ್ ಫಿಷಾಫ್ ಮತ್ತು ರೂತ್ ಬೇತ್ ಎಂಬ ಸಂಶೋಧಕರು ಇಸ್ರೇಲಿನ ವಿದ್ಯಾರ್ಥಿಗಳಿಂದ ಬರೆಸಿಕೊಂಡಿದ್ದರು. ಭೇಟಿಗಳು ಮುಗಿದ ಮೇಲೆ, ಮೊದಲು ಬರೆದದ್ದನ್ನು ನೆನಪಿಸಿಕೊಳ್ಳಿರೆಂದು ಕೇಳಿದಾಗ, ನಡೆದುಹೋದ ಸಂಗತಿಗಳಿಗೆ ತಾವು ನಿಜವಾಗಿ ಕೊಟ್ಟಿದ್ದಕ್ಕಿಂತ ಹೆಚ್ಚಿನ ಸಂಭವ ಕೊಟ್ಟಿದ್ದೆವೆಂದೇ ಬಹುಪಾಲು ಜನ ನೆನಪಿಸಿಕೊಂಡರು. ಫಲಿತಾಂಶ ತಿಳಿದ ಕೂಡಲೇ ಹಿಂದಿನ ಅಭಿಪ್ರಾಯದ ನೆನಪೇ ಬದಲಾಗುತ್ತದೆ. ಹೀಗಿರುವಾಗ, ಎಲ್ಲ ಮುಗಿದ ಮೇಲೆ ರಾತ್ರಿ ಕುಳಿತು ಮನಸ್ಸನ್ನು ವಿಚಾರಿಸಿದರೆ ಅದು ಕೊಡುವ ಸಾಕ್ಷ್ಯಕ್ಕೆ ಏನು ಬೆಲೆ? ಚಾರ್ಲ್ಸ್ ಡಾರ್ವಿನ್‌ಗೆ ಈ ಅಪಾಯ ಚೆನ್ನಾಗಿ ತಿಳಿದಿತ್ತು. ತನ್ನ ತೀರ್ಮಾನಕ್ಕೆ ವಿರುದ್ಧವಾದ ಸಂಗತಿಗಳು ಅನುಕೂಲವಾದವುಗಳಿಗಿಂತ ಬೇಗ ಮರೆತುಹೋಗುತ್ತವೆಂದು ಕಂಡುಕೊಂಡು, ಅಂಥದ್ದು ಎದುರಾದ ಕೂಡಲೇ ಅವನು ಬರೆದಿಟ್ಟುಕೊಳ್ಳುತ್ತಿದ್ದ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ದಿನವೂ ಬರೆಯಬೇಕಾಗಿಲ್ಲ. 21 ದಿನಗಳ ಲೆಕ್ಕವನ್ನೂ ಬಿಟ್ಟುಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಒಂದು ಹೊಸ ಅಭ್ಯಾಸ ಮೈಗೂಡಲು ಹಿಡಿದ ಕಾಲ 18ರಿಂದ 254 ದಿನಗಳವರೆಗೆ ಹರಡಿಕೊಂಡಿತ್ತು, ನಡುವಿನ ಲೆಕ್ಕ 66 ದಿನ. ದೊಡ್ಡ ನಿರ್ಧಾರಗಳು ವರ್ಷಕ್ಕೆ ಏಳೆಂಟು ಬರಬಹುದು. ಬಂದಾಗ, ನಿರ್ಧರಿಸುವ ಮೊದಲು ಬರೆಯಿರಿ.

ನಾನೀಗ ಡೈರಿ ಬಿಟ್ಟು ಚೀಟಿ ಬರೆಯುತ್ತೇನೆ. ಏನು ಮಾಡಲಿದ್ದೇನೆ, ಯಾವ ಕಾರಣಕ್ಕೆ, ಯಾವ ದಿನಾಂಕದೊಳಗೆ ಏನಾಗುತ್ತದೆಂದು ನಂಬಿದ್ದೇನೆ, ನೂರಕ್ಕೆ ಎಷ್ಟು ಪಾಲು ನಂಬಿಕೆಯಿದೆ, ಏನು ಕಂಡರೆ ಹಿಂದೆ ಸರಿಯುತ್ತೇನೆ ಎಂದು ಬರೆದು, ಅದರ ಚಿತ್ರ ತೆಗೆದು ತಮ್ಮನಿಗೆ ಕಳುಹಿಸುತ್ತೇನೆ. ತಿದ್ದಲಾಗದಂತೆ ಅದು ಇನ್ನೊಬ್ಬರ ಕೈಯಲ್ಲಿರುವುದು ಬಹಳ ಮುಖ್ಯ. ಇಲ್ಲಿಯವರೆಗೆ 41 ಚೀಟಿಗಳಾಗಿವೆ. ನೂರಕ್ಕೆ 90ರಷ್ಟು ಖಚಿತ ಎಂದು ನಾನು ಬರೆದ 14 ಚೀಟಿಗಳಲ್ಲಿ ನಿಜವಾದವು ಎಂಟು ಮಾತ್ರ. ಮೂರೂವರೆ ವರ್ಷದ ಡೈರಿ ನನಗೆ ತಿಳಿಸದ ಸಂಗತಿ ಅದು. ಅಡಿಕೆಯನ್ನು ಈಗ ಒಂದೇ ಸಲ ಮಾರದೆ ಮೂರು ಕಂತಿನಲ್ಲಿ ಮಾರುತ್ತಿರುವುದಕ್ಕೆ ಆ ಅಂಕಿಯೇ ಕಾರಣ.

ನಿಮ್ಮ ವಿಷಯದಲ್ಲಿ ಕೆಲಸ ಬಿಡಬೇಕೋ ಬೇಡವೋ ಎಂದು ನಾನು ಹೇಳಲಾರೆ. ರಾಜೀನಾಮೆ ಕೊಡುವ ಮೊದಲು, ಆರನೆಯ ತಿಂಗಳಿಗೆ ಎಷ್ಟು ಗಿರಾಕಿಗಳಿರುತ್ತಾರೆ, ಕೈಯಲ್ಲಿ ಎಷ್ಟು ಹಣ ಉಳಿದಿರುತ್ತದೆ, ಯಾವ ಮೊತ್ತಕ್ಕೆ ಇಳಿದರೆ ಮತ್ತೆ ನೌಕರಿ ಹುಡುಕುತ್ತೀರಿ ಎಂಬುದನ್ನು ಅಂಕಿಗಳಲ್ಲಿ ಬರೆದು, ನಿಮ್ಮ ಮಾತಿಗೆಲ್ಲ ತಲೆಯಾಡಿಸದ ಒಬ್ಬರ ಕೈಗೆ ಇಂದೇ ಕೊಡಿ.