ಕೆಲಂತಾನ್ ಮುಖ್ಯಮಂತ್ರಿಯ ದಂಡಸಂಹಿತೆ ಏಕೆ ಜಾರಿಯಾಗಲಿಲ್ಲ?

ಪ್ರಶ್ನೆ: ಮಲೇಷ್ಯಾದ ಕೆಲಂತಾನ್ ರಾಜ್ಯವನ್ನು ದೀರ್ಘಕಾಲ ಆಳಿದ ನಿಕ್ ಅಬ್ದುಲ್ ಅಜೀಜ್ ಅವರು ಇಸ್ಲಾಮಿಕ್ ದಂಡಸಂಹಿತೆಗೆ ವಿಧಾನಸಭೆಯ ಒಪ್ಪಿಗೆ ಪಡೆದಿದ್ದರೂ ಅದು ಜಾರಿಗೆ ಬರಲಿಲ್ಲವೆಂದು ಓದಿದೆ. ಬಹುಮತವಿದ್ದ ಮುಖ್ಯಮಂತ್ರಿಗೆ ಇದೇಕೆ ಸಾಧ್ಯವಾಗಲಿಲ್ಲ?
– ಓದುಗರು, ಶಿವಮೊಗ್ಗ

ಉತ್ತರ: ಉತ್ತರ ಪ್ರದೇಶದ ದೇವಬಂದ್ ದಾರುಲ್ ಉಲೂಮ್‌ನಲ್ಲೂ ಅನಂತರ ಕೈರೋದ ಅಲ್ ಅಜ್‌ಹರ್‌ನಲ್ಲೂ ಓದಿದ ನಿಕ್ ಅಜೀಜ್ 1967ರಲ್ಲಿ ‘ಪಾಸ್’ ಎಂಬ ಇಸ್ಲಾಮಿಕ್ ಪಕ್ಷದಿಂದ ಸಂಸತ್ತಿಗೆ ಆಯ್ಕೆಯಾದರು. 1990ರಲ್ಲಿ ಅವರ ಮೈತ್ರಿಕೂಟ ವಿಧಾನಸಭೆಯ 39 ಸ್ಥಾನಗಳನ್ನೂ ಗೆದ್ದಾಗ ಮುಖ್ಯಮಂತ್ರಿಯಾಗಿ, 2013ರವರೆಗೆ ಆ ಹುದ್ದೆಯಲ್ಲಿದ್ದರು. 1993ರ ನವೆಂಬರ್‌ನಲ್ಲಿ ಅವರ ಸರ್ಕಾರ ಅಂಗೀಕರಿಸಿದ ಸಂಹಿತೆಯಲ್ಲಿ ಕಳ್ಳತನಕ್ಕೆ ಕೈ ಕತ್ತರಿಸುವುದೂ ವಿವಾಹಿತರ ವ್ಯಭಿಚಾರಕ್ಕೆ ಕಲ್ಲೆಸೆದು ಕೊಲ್ಲುವುದೂ ಶಿಕ್ಷೆಗಳಾಗಿದ್ದವು.

ಅಡ್ಡಿಯಾದದ್ದು ಮಲೇಷ್ಯಾದ ಸಂವಿಧಾನವೇ. ಅದರ ಒಂಬತ್ತನೆಯ ಅನುಸೂಚಿಯಂತೆ ಮುಸ್ಲಿಮರ ವಿವಾಹ, ಉತ್ತರಾಧಿಕಾರ, ವಕ್ಫ್ ಮುಂತಾದವು ರಾಜ್ಯಗಳಿಗೆ ಸೇರಿದ್ದು, ಧರ್ಮದ ಕಟ್ಟಳೆಗಳನ್ನು ಮೀರಿದ ಮುಸ್ಲಿಮರನ್ನು ದಂಡಿಸುವ ಅಧಿಕಾರವೂ ಅವುಗಳಿಗಿದೆ. ಆದರೆ ಕೇಂದ್ರದ ಪಟ್ಟಿಯಲ್ಲಿರುವ ವಿಷಯಗಳನ್ನು ಅವು ಮುಟ್ಟುವಂತಿಲ್ಲ, ಮತ್ತು ಅಪರಾಧ ಕಾನೂನು, ಪೊಲೀಸ್, ಸೆರೆಮನೆ ಮೂರೂ ಕೇಂದ್ರದ ಪಟ್ಟಿಯಲ್ಲಿವೆ. ಇದಲ್ಲದೆ, 1984ರಲ್ಲಿ ತಿದ್ದುಪಡಿಯಾದ 1965ರ ಕೇಂದ್ರ ಕಾಯ್ದೆಯಂತೆ ಷರಿಯಾ ನ್ಯಾಯಾಲಯಗಳು ಮೂರು ವರ್ಷ ಸೆರೆ, 5,000 ರಿಂಗಿಟ್ ದಂಡ, ಆರು ಛಡಿ ಏಟುಗಳಿಗಿಂತ ಹೆಚ್ಚಿನ ಶಿಕ್ಷೆ ಕೊಡುವಂತಿಲ್ಲ. ಆ ಮಿತಿಯನ್ನು ಸಂಸತ್ತು ಮಾತ್ರ ಬದಲಿಸಬಲ್ಲದು. ಪ್ರಧಾನಿ ಮಹಾತಿರ್ ಅವರ ಸರ್ಕಾರ ಅದಕ್ಕೆ ಒಪ್ಪಲಿಲ್ಲ.

ಆ ಸಂಹಿತೆ ಜಾರಿಯಾಗದೆ ಉಳಿದದ್ದು ಒಳ್ಳೆಯದೇ ಆಯಿತೆಂದು ನಾನು ನಂಬುತ್ತೇನೆ. ಶಿಕ್ಷೆಗಳ ಕ್ರೌರ್ಯ ಒಂದು ಕಡೆಗಿರಲಿ, ಅದರಲ್ಲಿ ಸಾಕ್ಷಿ ಹೇಳುವ ಅರ್ಹತೆ ವಯಸ್ಕ ಮುಸ್ಲಿಂ ಗಂಡಸರಿಗೆ ಮಾತ್ರವಿತ್ತು, ಅವಿವಾಹಿತೆಯ ಬಸಿರೇ ಅವಳ ವಿರುದ್ಧದ ಪುರಾವೆಯಾಗಬಹುದಿತ್ತು. ಇದನ್ನು ಮೊದಲಿಗೇ ಎತ್ತಿ ತೋರಿಸಿದವರಲ್ಲಿ ‘ಸಿಸ್ಟರ್ಸ್ ಇನ್ ಇಸ್ಲಾಂ’ ಎಂಬ ಮುಸ್ಲಿಂ ಮಹಿಳೆಯರ ಸಂಘಟನೆಯೂ ಇತ್ತು ಎಂಬುದನ್ನು ಮರೆಯಬಾರದು.

ಪ್ರಶ್ನೆ: ಹಾಗಾದರೆ ಅವರ ಆಡಳಿತದಲ್ಲಿ ಇಸ್ಲಾಂ ಬರಿಯ ಘೋಷಣೆಯಾಗಿತ್ತೇ?
– ಓದುಗರು, ಮಂಗಳೂರು

ಉತ್ತರ: ಇಲ್ಲ. ದಂಡಸಂಹಿತೆ ಕಡತದಲ್ಲಿ ಉಳಿದರೂ, ಪರವಾನಗಿ ಕೊಡುವ ಮತ್ತು ನಿರಾಕರಿಸುವ ಅಧಿಕಾರ ರಾಜ್ಯದ ಕೈಯಲ್ಲೇ ಇತ್ತು. ಜನರ ದಿನಚರಿಯನ್ನು ಬದಲಿಸಿದ್ದು ಅದು. ಅಂಗಡಿಗಳಲ್ಲಿ ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಸಾಲುಗಳಾದವು, ಮನರಂಜನೆಗೆ ಕಡಿವಾಣ ಬಿತ್ತು. ಬಡ್ಡಿಯಿಲ್ಲದೆ, ಚಿನ್ನವನ್ನು ಕಾಪಿಡುವುದಕ್ಕೆ ಮಾತ್ರ ಶುಲ್ಕ ಪಡೆಯುವ ‘ಅರ್ ರಹ್ನು’ ಗಿರವಿ ವ್ಯವಸ್ಥೆ ಬಂದಿತು. ತುರ್ತಿಗೆ ಒಡವೆ ಒತ್ತೆಯಿಡುವ ಸಣ್ಣ ವ್ಯಾಪಾರಿಗಳಿಗೆ ಇದು ನಿಜವಾದ ಉಪಕಾರ. ಅದೇ ಸರ್ಕಾರ ‘ಮಾಕ್ ಯೋಂಗ್’ ನೃತ್ಯನಾಟಕವನ್ನೂ, ರಾಮಕಥೆಯನ್ನು ಆಡಿಸುವ ‘ವಾಯಾಂಗ್ ಕುಲಿತ್’ ತೊಗಲುಗೊಂಬೆಯಾಟವನ್ನೂ ಇಸ್ಲಾಂಪೂರ್ವ ನಂಬಿಕೆಗಳ ಕಾರಣಕ್ಕೆ ನಿರ್ಬಂಧಿಸಿತು. ತಲೆಮಾರುಗಳಿಂದ ಕಲಿತ ವಿದ್ಯೆಯನ್ನು ತಮ್ಮ ಊರಿನಲ್ಲೇ ತೋರಿಸಲಾಗದ ಕಲಾವಿದರ ಸಂಕಟ, ತೊಗಲುಗೊಂಬೆಯ ಪರಂಪರೆಯಿರುವ ನಮಗೆ ಅರ್ಥವಾಗದಿರದು.

ಇಷ್ಟಾದರೂ ಮತದಾರರು ಅವರನ್ನು ಕೈಬಿಡಲಿಲ್ಲ. ಅಧಿಕೃತ ನಿವಾಸಕ್ಕೆ ಹೋಗದೆ ಪುಲಾವ್ ಮೆಲಾಕಾ ಹಳ್ಳಿಯ ತಮ್ಮ ಮರದ ಮನೆಯಲ್ಲೇ ಇದ್ದು, ಶುಕ್ರವಾರದ ಬೆಳಿಗ್ಗೆ ಕೋಟಾ ಬಾರು ಪಟ್ಟಣದಲ್ಲಿ ನೆಲದ ಮೇಲೆ ಕುಳಿತ ಜನರಿಗೆ ಪ್ರವಚನ ನೀಡುತ್ತಿದ್ದ ಅವರ ಸರಳತೆಯನ್ನು ವಿರೋಧಿಗಳೂ ಗೌರವಿಸುತ್ತಿದ್ದರು. ಆ ಗೌರವ ಅವರಿಗೆ ಸಲ್ಲಬೇಕಾದದ್ದೇ. ಆದರೆ ಆಳುವವನ ಪ್ರಾಮಾಣಿಕತೆ ಅವನು ತರುವ ಕಾನೂನಿನ ನ್ಯಾಯಕ್ಕೆ ಪ್ರಮಾಣವಾಗಲಾರದು.

ಪ್ರಶ್ನೆ: ಅವರ ನಂತರ ಆ ಪ್ರಯತ್ನ ನಿಂತಿತೇ?
– ಓದುಗರು, ಧಾರವಾಡ

ಉತ್ತರ: ನಿಲ್ಲಲಿಲ್ಲ. ಅವರು 2015ರ ಫೆಬ್ರವರಿಯಲ್ಲಿ ತೀರಿಕೊಂಡರು. ಮರುತಿಂಗಳೇ ಕೆಲಂತಾನ್ ವಿಧಾನಸಭೆ ಸಂಹಿತೆಗೆ ತಿದ್ದುಪಡಿ ತಂದಿತು. ಇದರಿಂದಾಗಿ ಪಾಸ್‌ಗೆ ತನ್ನ ಮಿತ್ರಪಕ್ಷವಾಗಿದ್ದ ಬಹುಜನಾಂಗೀಯ ಡಿಎಪಿಯೊಂದಿಗಿನ ಬಿರುಕು ದೊಡ್ಡದಾಗಿ ಆ ವರ್ಷವೇ ವಿರೋಧ ಪಕ್ಷಗಳ ಮೈತ್ರಿಕೂಟ ಒಡೆಯಿತು. ಮುಂದೆ ರಾಜ್ಯ 2019ರಲ್ಲಿ ಇನ್ನೊಂದು ಷರಿಯಾ ಅಪರಾಧ ಕಾಯ್ದೆಯನ್ನು ರೂಪಿಸಿದಾಗ, ತಾಯಿ ಮತ್ತು ಮಗಳು, ಇಬ್ಬರೂ ಮುಸ್ಲಿಮರೇ, ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2024ರ ಫೆಬ್ರವರಿ 9ರಂದು ದೇಶದ ಅತ್ಯುನ್ನತ ನ್ಯಾಯಾಲಯ 8–1ರ ಬಹುಮತದಿಂದ, ಪ್ರಶ್ನಿತವಾದ 18 ವಿಧಿಗಳಲ್ಲಿ 16 ರಾಜ್ಯದ ಅಧಿಕಾರವನ್ನು ಮೀರಿವೆ ಎಂದು ರದ್ದುಪಡಿಸಿತು.