ಬೇಸ್ ಗಿಟಾರ್‌ಗೆ ಐದು ಲಕ್ಷ: ದುಡ್ಡು ಪಿಕಪ್‌ಗೋ, ಪ್ರೀಆಂಪ್‌ಗೋ?

ಪ್ರಶ್ನೆ: ಸರ್, ನಾನು ಮೈಸೂರಿನವನು. ಹನ್ನೆರಡು ವರ್ಷದಿಂದ ಒಂದೇ ಜಾಜ್ ಬೇಸ್ (ಫೆಂಡರ್ ಕಂಪನಿಯ ಒಂದು ಮಾದರಿ) ನುಡಿಸುತ್ತಿದ್ದೇನೆ. ನಾಲ್ಕು ತಂತಿ, ಬ್ಯಾಟರಿ ಇಲ್ಲದ್ದು. ಚರ್ಚ್, ಮದುವೆ ಆರ್ಕೆಸ್ಟ್ರಾ, ಆಗಾಗ ಸ್ಟುಡಿಯೊ. ಅಣ್ಣ ಅಮೆರಿಕದಲ್ಲಿದ್ದಾನೆ. ಡಿಸೆಂಬರ್‌ನಲ್ಲಿ ಬರುವಾಗ ಒಳ್ಳೇ ಬೇಸ್ ತಂದುಕೊಡ್ತೀನಿ, ಐದು ಲಕ್ಷದವರೆಗೆ ನೋಡು ಅಂದಿದ್ದಾನೆ. ಸ್ಯಾಡೌಸ್ಕಿ, ಫೊಡೆರಾ, ಅಲೆಂಬಿಕ್, ಈ ಮೂರು ಕಂಪನಿಗಳ ಬೇಸ್‌ಗಳಲ್ಲಿ ಯಾವುದರ ಪಿಕಪ್ ಮತ್ತು ಎಲೆಕ್ಟ್ರಾನಿಕ್ಸ್ ಒಳ್ಳೆಯದು?

ಉತ್ತರ: ಮೊದಲು ನಿಮ್ಮ ಅಣ್ಣನಿಗೆ ನನ್ನದೊಂದು ನಮಸ್ಕಾರ ತಿಳಿಸಿ. ಇಂಥ ಅಣ್ಣಂದಿರು ಎಲ್ಲರಿಗೂ ಸಿಗಲ್ಲ.

ಈ ಮೂರನ್ನೂ ಒಂದೇ ತಕ್ಕಡಿಗೆ ಹಾಕಿ ತೂಗುವುದು ಕಷ್ಟ. ಮೂರೂ ಬೇರೆ ಬೇರೆ ಯೋಚನೆಯಿಂದ ಹುಟ್ಟಿದವು. ಅದನ್ನು ಹೇಳುವ ಮೊದಲು, ಸದ್ದು ಎಲ್ಲಿ ಹುಟ್ಟುತ್ತದೆ ಅಂತ ನೋಡೋಣ. ಪಿಕಪ್ ಅಂದರೆ ತಂತಿಯ ಕೆಳಗೆ ಕೂತು ಅದರ ಅಲುಗಾಟವನ್ನು ವಿದ್ಯುತ್ತಾಗಿ ಹಿಡಿಯುವ ಅಯಸ್ಕಾಂತ ಮತ್ತು ಸುರುಳಿ.

ತಂತಿ ಬ್ರಿಡ್ಜ್ (ವೀಣೆಯ ಕುದುರೆಯಂಥದ್ದು) ಹತ್ತಿರ ಕಡಿಮೆ ಅಲುಗುತ್ತದೆ, ನಡುವಿಗೆ ಬಂದಷ್ಟೂ ಜಾಸ್ತಿ. ಹಾಗಾಗಿ ಬ್ರಿಡ್ಜ್ ಹತ್ತಿರದ ಪಿಕಪ್‌ಗೆ ಮೂಲ ಸ್ವರ ಕಡಿಮೆ ಸಿಗುತ್ತದೆ, ಅದರ ಜೊತೆ ಹುಟ್ಟುವ ಮೇಲಿನ ಉಪಸ್ವರಗಳು ಎದ್ದು ಕೇಳುತ್ತವೆ. ಕತ್ತಿನ ಕಡೆಗೆ ಸರಿದರೆ ಸದ್ದು ದಪ್ಪ, ದುಂಡು. ಫೆಂಡರ್ ಕಂಪನಿ 1970ರ ದಶಕದಲ್ಲಿ ಜಾಜ್ ಬೇಸ್‌ನ ಹಿಂದಿನ ಪಿಕಪ್ಪನ್ನು ಬ್ರಿಡ್ಜ್ ಕಡೆಗೆ ಸುಮಾರು ಒಂದು ಸೆಂಟಿಮೀಟರ್ ಸರಿಸಿತು. ಅಷ್ಟೇ ಮಾಡಿದ್ದು. ಅದಕ್ಕೇ ಸ್ಲ್ಯಾಪ್ (ಹೆಬ್ಬೆರಳಿಂದ ತಂತಿಗೆ ಹೊಡೆದು) ನುಡಿಸುವವರು ಇವತ್ತಿಗೂ 'ಎಪ್ಪತ್ತರ ಜಾಗ', 'ಅರವತ್ತರ ಜಾಗ' ಅಂತ ಜಗಳ ಆಡುತ್ತಾರೆ. ಒಂದು ಸೆಂಟಿಮೀಟರ್ ಇಷ್ಟು ಕೆಲಸ ಮಾಡುತ್ತದೆ ಅಂದಮೇಲೆ ಪಿಕಪ್ ಮೇಲಿನ ಹೆಸರಿಗಿಂತ ಅದು ಕೂತ ಜಾಗ ದೊಡ್ಡದು ಅಂತ ಆಯ್ತಲ್ವಾ?

ಇನ್ನು ಪ್ರೀಆಂಪ್, ಅಂದರೆ ಸಾಮಾನ್ಯವಾಗಿ ಬೇಸ್‌ನ ಒಳಗೇ ಬ್ಯಾಟರಿಯಲ್ಲಿ ಓಡುವ ಪುಟ್ಟ ಸರ್ಕ್ಯೂಟ್. ಅದು ಪಿಕಪ್ ಹಿಡಿದದ್ದನ್ನು ಏರಿಸುತ್ತದೆ, ಇಳಿಸುತ್ತದೆ. ಹಿಡಿಯದೇ ಇದ್ದದ್ದನ್ನು ಎಲ್ಲಿಂದ ತರುತ್ತದೆ? ಬಾವಿಯಲ್ಲಿದ್ದರೆ ತಾನೇ ಬಿಂದಿಗೆಗೆ ಬರೋದು.

ಈಗ ಸ್ಯಾಡೌಸ್ಕಿ. ನ್ಯೂಯಾರ್ಕಿನಲ್ಲಿ ರೋಜರ್ ಸ್ಯಾಡೌಸ್ಕಿ ಶುರುಮಾಡಿದ್ದು ಗಿಟಾರ್ ರಿಪೇರಿಯಿಂದ. ಅಮೆರಿಕದ ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಅವರ ಹೆಸರಾಂತ 1977ರ ಜಾಜ್ ಬೇಸ್ ಫೆಂಡರ್ ಕಾರ್ಖಾನೆಯಿಂದ ಬಂದ ಮಾಮೂಲಿ ವಾದ್ಯ. ಅದಕ್ಕೆ ಪ್ರೀಆಂಪ್ ಕೂರಿಸಿದವರು ರೋಜರ್. ಆಮೇಲೆ ಅವರೇ ಮಾಡಿದ ಬೇಸ್‌ಗಳೂ ಅದೇ ದಾರಿ: ಜಾಜ್ ಬೇಸ್‌ನ ಮೈಕಟ್ಟು, ಕರೆಂಟಿನಿಂದ ಬರುವ ಗುಂಯ್ ಸದ್ದು ಹಿಡಿಯದ ಪಿಕಪ್, ಜೊತೆಗೆ ಎರಡೇ ನಾಬ್‌ನ ಇಕ್ಯು (ಸದ್ದಿನ ಬಣ್ಣ ತಿದ್ದುವ ಸರ್ಕ್ಯೂಟ್). 40 ಹರ್ಟ್ಸ್ ಸುತ್ತ ಬೇಸ್ (ಕೆಳಗಿನ ಸದ್ದು), 4 ಕಿಲೋಹರ್ಟ್ಸ್ ಸುತ್ತ ಟ್ರೆಬಲ್ (ಮೇಲಿನ ಸದ್ದು). ಎರಡೂ ಏರುತ್ತವೆ ಅಷ್ಟೇ, ಇಳಿಯಲ್ಲ. ನಾಬ್ ಪೂರ್ತಿ ಹಿಂದಕ್ಕೆ ತಿರುಗಿಸಿದರೆ ಪಿಕಪ್‌ನ ಸದ್ದು ಹೇಗಿದೆಯೋ ಹಾಗೆ. ನಡುವಿನ ಸದ್ದಿಗೆ ಮಿಡ್ ನಾಬ್ ಇಲ್ಲ. ನನಗೆ ಇಷ್ಟವಾಗುವುದೇ ಅದು. ಕೆಡಿಸಿಕೊಳ್ಳೋಕೆ ಜಾಗವೇ ಕಡಿಮೆ.

ಅಲೆಂಬಿಕ್ ಪೂರ್ತಿ ಬೇರೆ ಲೋಕ. 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಗ್ರೇಟ್‌ಫುಲ್ ಡೆಡ್ ರಾಕ್ ತಂಡದ ಸೌಂಡ್ ವ್ಯವಸ್ಥೆಯ ಸುತ್ತ ಹುಟ್ಟಿದ್ದು. ಎಲೆಕ್ಟ್ರಾನಿಕ್ಸ್ ತಲೆ ರಾನ್ ವಿಕರ್‌ಶಾಮ್ ಅವರದು. ಪಿಕಪ್‌ನ ಸುರುಳಿಗೆ ತಾಮ್ರದ ಎಳೆ ಜಾಸ್ತಿ ಸುತ್ತಿದರೆ ಸದ್ದು ಜೋರಾಗುತ್ತದೆ, ಆದರೆ ಮೇಲಿನ ಸ್ವರಗಳು ಸಾಯುತ್ತವೆ. ಅವರು ಕಡಿಮೆ ಸುತ್ತಿದರು. ಸದ್ದು ಚಿಕ್ಕದಾಯಿತು, ಆದರೆ ಕನ್ನಡಿಯಷ್ಟು ಸ್ವಚ್ಛ. ಚಿಕ್ಕದಾದ ಸದ್ದನ್ನು ಏರಿಸಲು ಒಳಗೇ ಪ್ರೀಆಂಪ್ ಇಟ್ಟರು. ಅಂದರೆ ಇಲ್ಲಿ ಎಲೆಕ್ಟ್ರಾನಿಕ್ಸ್ ಒಗ್ಗರಣೆಯಲ್ಲ, ಅಡುಗೆಯೇ ಅದು. ಅವರ ಸೀರೀಸ್ ಬೇಸ್‌ಗಳಲ್ಲಿ ಎರಡು ಪಿಕಪ್‌ಗಳ ನಡುವೆ ಮೂರನೆಯದೊಂದು ಕಾಣುತ್ತದೆ. ಅದು ತಂತಿಯ ಸದ್ದು ಹಿಡಿಯುವುದೇ ಇಲ್ಲ, ಕರೆಂಟಿನ ಗುಂಯ್ ಮಾತ್ರ ಹಿಡಿದು ಉಳಿದೆರಡರ ಗುಂಯ್ ಅಳಿಸುತ್ತದೆ. ಬೇಸ್, ಟ್ರೆಬಲ್ ನಾಬ್ ಬದಲು ಫಿಲ್ಟರ್ ಇದೆ. ನಾಬ್ ತಿರುಗಿಸಿದಂತೆ ಮೇಲಿನಿಂದ ಸದ್ದು ಕತ್ತರಿಸುತ್ತಾ ಬರುತ್ತದೆ, ಕತ್ತರಿಸಿದ ಅಂಚನ್ನು ಒಂದು ಸ್ವಿಚ್ಚಿನಿಂದ ಉಬ್ಬಿಸಬಹುದು. ಇಂಗ್ಲೆಂಡಿನ ವಾಲ್ ಬೇಸ್ ಕೂಡ ಇದೇ ಜಾತಿ. ಬೇಸ್ ವಾದಕ ಸ್ಟ್ಯಾನ್ಲಿ ಕ್ಲಾರ್ಕ್ ಅವರ ಕೈಯಲ್ಲಿ ಅಲೆಂಬಿಕ್ ಹಾಡಿದ್ದು ಗೊತ್ತೇ ಇದೆ. ಆದರೆ ಅದು ಕೈಯ ತಪ್ಪನ್ನೂ ಅಷ್ಟೇ ಸ್ವಚ್ಛವಾಗಿ ಹೇಳುತ್ತದೆ. ಆಮೇಲೆ, ನಿಮ್ಮ ದುಡ್ಡಿಗೆ ಹೊಸ ಅಲೆಂಬಿಕ್ ಸೀರೀಸ್ ಬರಲ್ಲ. ಅದನ್ನು ಬಿಡಿ.

ಫೊಡೆರಾ 1983ರಲ್ಲಿ ಬ್ರೂಕ್ಲಿನ್‌ನಲ್ಲಿ ಶುರುವಾಯಿತು. ವಿನ್ನಿ ಫೊಡೆರಾ, ಜೋಯಿ ಲಾರಿಸೆಲ್ಲಾ ಇಬ್ಬರೂ ಸೇರಿ ಮಾಡಿದ್ದು. ಹೆಸರಾಂತ ಬೇಸ್ ವಾದಕ ವಿಕ್ಟರ್ ವೂಟನ್ ನುಡಿಸುವುದು ಅದನ್ನೇ. ಅವರ ಬಹಳಷ್ಟು ಬೇಸ್‌ಗಳಲ್ಲಿ ಇರುವ ಪ್ರೀಆಂಪ್ ರೂಪಿಸಿದವರು ಮೈಕ್ ಪೋಪ್, ಅವರೂ ಬೇಸ್ ವಾದಕರೇ. ನುಡಿಸುವವನೇ ಮಾಡಿದ್ದು ಅಂತ ಮುಟ್ಟಿದ ಕೂಡಲೇ ಗೊತ್ತಾಗುತ್ತದೆ, ನಾಬ್ ಎಲ್ಲಿ ನಿಲ್ಲಿಸಿದರೂ ಸದ್ದು ಕೆಲಸಕ್ಕೆ ಬರುತ್ತದೆ. ಆದರೂ ಫೊಡೆರಾದಲ್ಲಿ ನೀವು ದುಡ್ಡು ಕೊಡುವುದು ಮುಖ್ಯವಾಗಿ ಮರದ ಕೆಲಸಕ್ಕೆ, ಕತ್ತಿಗೆ, ಯಾವ ಫ್ರೆಟ್‌ನಲ್ಲಿ (ಕತ್ತಿನ ಮೇಲಿನ ಲೋಹದ ಗೆರೆಯಲ್ಲಿ) ಒತ್ತಿದರೂ ಒಂದೇ ತೂಕದಲ್ಲಿ ಬರುವ ಸ್ವರಕ್ಕೆ. ಆ ಸಮತೂಕ ಪ್ರೀಆಂಪ್‌ನಿಂದ ಬರುವಂಥದ್ದಲ್ಲ.

ಹಾಗಾದರೆ ಏನು ಮಾಡಬೇಕು? ನನ್ನನ್ನು ಕೇಳಿದರೆ, ಐದು ಲಕ್ಷ ಈಗಲೇ ಖರ್ಚು ಮಾಡಬೇಡಿ. ನಿಮ್ಮ ಹತ್ತಿರ ಇರುವುದು ಜಾಜ್ ಬೇಸ್. ಅದರ ಕತ್ತು, ಕೈಗೆ ಹನ್ನೆರಡು ವರ್ಷದ ಪರಿಚಯ. ಗುಂಯ್ ಇಲ್ಲದ ಒಂದು ಜೊತೆ ಜೆ (ಜಾಜ್ ಬೇಸ್‌ನ) ಪಿಕಪ್ ಮತ್ತು ಒಂದು ಪ್ರೀಆಂಪ್ ಅಣ್ಣನ ಕೈಯಲ್ಲಿ ತರಿಸಿಕೊಳ್ಳಿ. ಸ್ಯಾಡೌಸ್ಕಿಯ ಪ್ರೀಆಂಪ್ ಪೆಡಲ್ ರೂಪದಲ್ಲೂ ಬಂದಿದೆ, ಅದಾದರೆ ಬೇಸ್‌ನ ಮರ ಕೊರೆಯುವ ಕೆಲಸವೂ ಇಲ್ಲ. ಮಾರ್ಕಸ್ ಮಿಲ್ಲರ್ ಅವರ ಬೇಸ್‌ಗೆ ಆದದ್ದೂ ಹೆಚ್ಚುಕಡಿಮೆ ಇಷ್ಟೇ. ಆರು ತಿಂಗಳು ನುಡಿಸಿ. ಆಮೇಲೂ ಏನೋ ಕೊರತೆ ಅನ್ನಿಸಿದರೆ, ಆ ಕೊರತೆ ಯಾವುದು ಅಂತ ನಿಮಗೇ ಗೊತ್ತಾಗಿರುತ್ತದೆ. ಐದು ತಂತಿ ಬೇಕು ಅನ್ನಿಸಿದ್ದರೆ ಆಗ ಹೊಸ ಬೇಸ್‌ಗೆ ಕೈ ಹಾಕಿ. 31 ಹರ್ಟ್ಸ್‌ನ ಕೆಳಗಿನ ಬಿ ತಂತಿ ಗಟ್ಟಿಯಾಗಿ, ಸ್ಪಷ್ಟವಾಗಿ ಮಾತಾಡುವುದು ಒಳ್ಳೆಯ ಕತ್ತಿನ ಮೇಲೆ ಮಾತ್ರ. ಅಲ್ಲಿ ದುಬಾರಿ ವಾದ್ಯಕ್ಕೆ ನಿಜಕ್ಕೂ ಅರ್ಥ ಇದೆ.

ಅಂಗಡಿಯಲ್ಲಿ ಕೂತು ಹೋಲಿಸುವಾಗ ಒಂದು ಎಚ್ಚರ. ಪ್ರೀಆಂಪ್ ಆನ್ ಮಾಡಿದ ತಕ್ಷಣ ಸದ್ದು ಕೊಂಚ ಜೋರಾಗುತ್ತದೆ. ಜೋರಾದದ್ದು ಕಿವಿಗೆ ಚೆನ್ನಾಗೇ ಕೇಳುತ್ತದೆ, ಅದು ಕಿವಿಯ ದೌರ್ಬಲ್ಯ. ವಾಲ್ಯೂಮ್ ಸಮ ಮಾಡಿಕೊಂಡು ಆಮೇಲೆ ಕೇಳಿ. ಮೊದಲ ಹತ್ತು ನಿಮಿಷ ಪ್ರೀಆಂಪ್ ಬೈಪಾಸ್ ಮಾಡಿ (ದಾರಿಯಿಂದ ತಪ್ಪಿಸಿ), ಬರೀ ಪಿಕಪ್ ಕೇಳಿ. ಆಗಲೇ ಸಪ್ಪೆ ಅನ್ನಿಸಿದರೆ ಆ ಬೇಸ್ ಕೆಳಗಿಡಿ.

ಪ್ರಶ್ನೆ: ನನ್ನದು ಆಕ್ಟಿವ್ ಬೇಸ್, ಅಂದರೆ ಬ್ಯಾಟರಿ, ಪ್ರೀಆಂಪ್ ಇರುವಂಥದ್ದು. ಸ್ಲ್ಯಾಪ್ ಹೊಡೆದಾಗ ಸದ್ದು ಪರಪರ ಒಡೆಯುತ್ತದೆ. ರಿಪೇರಿಯವರು 'ಪ್ರೀಆಂಪ್ ಹೋಗಿದೆ, ಬದಲಾಯಿಸಬೇಕು' ಅಂತಾರೆ. 18 ವೋಲ್ಟ್‌ಗೆ ಬದಲಾಯಿಸಿದರೆ ಸದ್ದು ಜೋರಾಗುತ್ತಾ?

ಉತ್ತರ: ಸ್ವಲ್ಪ ತಡೀರಿ. ಬ್ಯಾಟರಿ ನೋಡಿದಿರಾ?

ಪ್ರೀಆಂಪ್‌ನಿಂದ ಹೊರಬರುವ ಅಲೆ ಬ್ಯಾಟರಿಯ ವೋಲ್ಟೇಜ್ ಮೀರಿ ಏರಲಾರದು. ತಲೆ ಸೂರಿಗೆ ಬಡಿದಂತೆ ಅಲೆಯ ತುದಿ ಚಪ್ಪಟೆಯಾಗುತ್ತದೆ. ನೀವು ಕೇಳುತ್ತಿರುವ ಪರಪರ ಅದೇ ಇರಬೇಕು. ಹೊಸ ಆಲ್ಕಲೈನ್ 9 ವೋಲ್ಟ್ ಬ್ಯಾಟರಿ ಮೀಟರ್‌ನಲ್ಲಿ 9ಕ್ಕಿಂತ ತುಸು ಜಾಸ್ತಿಯೇ ತೋರಿಸುತ್ತದೆ. ನಿಮ್ಮದು ಏಳಕ್ಕೆ ಇಳಿದಿದ್ದರೆ ಉತ್ತರ ಸಿಕ್ಕಿತು. ಬೇಸ್ ನಾಬ್ ಪೂರ್ತಿ ಏರಿಸಿಟ್ಟಿದ್ದರೂ ಹೀಗಾಗುತ್ತದೆ. ಕೆಳಗಿನ ಸ್ವರವೇ ಅತಿ ಹೆಚ್ಚು ವೋಲ್ಟೇಜ್ ತಿನ್ನೋದು. ಹೇಗೂ ಮದುವೆ ಛತ್ರದ ಸಣ್ಣ ಸ್ಪೀಕರ್‌ನಲ್ಲಿ 40 ಹರ್ಟ್ಸ್ ಕೇಳಿಸಲ್ಲ. ಸುಮ್ನೆ ಹಾಲ್ ಪೂರ್ತಿ ಗೊಜಗೊಜ. ಪಿಕಪ್ ತಂತಿಗೆ ತೀರಾ ಹತ್ತಿರ ಇದ್ದರೂ ನೋಡಿ, ಸ್ಕ್ರೂ ಎರಡು ಸುತ್ತು ಇಳಿಸಿದರೆ ಸಾಕಾಗಬಹುದು.

18 ವೋಲ್ಟ್ ಅಂದರೆ ಸೂರು ಎತ್ತರಿಸಿದಂತೆ, ಅಷ್ಟೇ. ಸದ್ದು ಜೋರಾಗಲ್ಲ. ಜೋರಾಗಿ ಸ್ಲ್ಯಾಪ್ ಹೊಡೆಯುವವರಿಗೆ ಉಪಯೋಗ ಇದೆ, ಮೆತ್ತಗೆ ಬೆರಳಲ್ಲಿ ನುಡಿಸುವವರಿಗೆ ವ್ಯತ್ಯಾಸ ಗೊತ್ತಾಗುವುದೂ ಅನುಮಾನ. ನಿಮ್ಮ ಪ್ರೀಆಂಪ್ 18 ತಡೆಯುತ್ತದೆಯೇ ಅಂತ ತಿಳಿದುಕೊಂಡೇ ಬ್ಯಾಟರಿ ಜೋಡಿಸಿ. ಅಗ್ವಿಲಾರ್ ಕಂಪನಿಯ ಒಬಿಪಿ-3 ತರದ ಪ್ರೀಆಂಪ್‌ಗಳು 9, 18 ಎರಡಕ್ಕೂ ಒಗ್ಗುತ್ತವೆ.

ಇನ್ನೊಂದು ಮಾತು. ಬಹಳಷ್ಟು ಆಕ್ಟಿವ್ ಬೇಸ್‌ಗಳಲ್ಲಿ ಬ್ಯಾಟರಿಗೆ ಬೇರೆ ಸ್ವಿಚ್ ಇರಲ್ಲ, ಕೇಬಲ್ ಸಿಕ್ಕಿಸಿದರೆ ಆನ್. ರಾತ್ರಿ ಕೇಬಲ್ ತೆಗೆಯದೆ ಗೋಡೆಗೆ ಒರಗಿಸಿ ಮಲಗಿದರೆ ಬ್ಯಾಟರಿ ಬೆಳಗಿನ ತನಕ ದುಡಿಯುತ್ತಲೇ ಇರುತ್ತದೆ. ನಾನು ಒಮ್ಮೆ ಗೆಳೆಯನ ಬೇಸ್ ಎರವಲು ತಂದು, ಹಾಗೇ ಬಿಟ್ಟು, ಮರುದಿನ ರಿಸೆಪ್ಷನ್‌ನಲ್ಲಿ ಮೂರನೇ ಹಾಡಿಗೆ ಸದ್ದೇ ನಿಂತು ಪೆಚ್ಚಾಗಿ ನಿಂತಿದ್ದೆ. ಅದರಲ್ಲಿದ್ದದ್ದು ಆಕ್ಟಿವ್ ಪಿಕಪ್. ಪಿಕಪ್ಪಿನ ಒಳಗೇ ಪ್ರೀಆಂಪ್ ಇರುತ್ತದೆ, ಬ್ಯಾಟರಿ ಸತ್ತರೆ ಬೇಸ್ ಮೂಕ. ಪಿಕಪ್ ಪ್ಯಾಸಿವ್ (ಬ್ಯಾಟರಿ ಬೇಡದ್ದು) ಆಗಿದ್ದು ಪ್ರೀಆಂಪ್ ಮಾತ್ರ ಆಕ್ಟಿವ್ ಆಗಿದ್ದರೆ, ಬೈಪಾಸ್ ಸ್ವಿಚ್ ಒತ್ತಿ ಕಾರ್ಯಕ್ರಮ ಮುಗಿಸಬಹುದು. ಕೊಳ್ಳುವಾಗ ಆ ಸ್ವಿಚ್ ಇದೆಯಾ ನೋಡಿ. ಬೈಪಾಸ್‌ನಲ್ಲೂ ಟೋನ್ ನಾಬ್ ಕೆಲಸ ಮಾಡಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಜಾಜ್ ಬೇಸ್‌ನಲ್ಲಿ ಎರಡೂ ಪಿಕಪ್ ಪೂರ್ತಿ ಏರಿಸಿದರೆ ಸದ್ದು ಶುದ್ಧ. ಒಂದನ್ನು ಇಳಿಸಿದರೆ ಗುಂಯ್ ಶುರು. ಅರ್ತಿಂಗ್ ಸರಿ ಇದೆ. ಏನು ಕಾರಣ?

ಉತ್ತರ: ನಿಮ್ಮ ಬೇಸ್‌ಗೆ ಏನೂ ಆಗಿಲ್ಲ, ಅದು ಹಾಗೇ ಇರೋದು. ಎರಡು ಪಿಕಪ್‌ಗಳ ಸುತ್ತು ಒಂದಕ್ಕೊಂದು ಉಲ್ಟಾ, ಅಯಸ್ಕಾಂತವೂ ಉಲ್ಟಾ. ಎರಡೂ ಸಮವಾಗಿದ್ದಾಗ ತಂತಿಯ ಸದ್ದು ಕೂಡುತ್ತದೆ, ಕರೆಂಟಿನ ಗುಂಯ್ ಕಳೆಯುತ್ತದೆ. ಒಂದು ಇಳಿದರೆ ಲೆಕ್ಕ ತಪ್ಪುತ್ತದೆ. ಫೆಂಡರ್‌ನ ಪ್ರಿಸಿಷನ್ ಬೇಸ್‌ಗೆ 1957ರಲ್ಲಿ ಎರಡು ತುಂಡಿನ ಪಿಕಪ್ ಬಂತು. ಅದರಲ್ಲೂ ಇದೇ ಉಪಾಯ, ಆದರೆ ಒಂದೇ ಪಿಕಪ್‌ನ ಎರಡು ತುಂಡುಗಳ ನಡುವೆ. ಅದಕ್ಕೇ ಅದರಲ್ಲಿ ಗುಂಯ್ ಯಾವಾಗಲೂ ಮೌನ.

ನಮ್ಮ ದೇಶದಲ್ಲಿ ಈ ಗುಂಯ್ ಇನ್ನಷ್ಟು ಕಾಡುವುದಕ್ಕೆ ಒಂದು ಕಾರಣ ಇದೆ. ನಮ್ಮ ಕರೆಂಟ್ 50 ಹರ್ಟ್ಸ್. ಇ ತಂತಿಯ ಮೂರನೇ ಫ್ರೆಟ್‌ನ ಜಿ ಸ್ವರ 49 ಹರ್ಟ್ಸ್. ಹಾಡು ಜಿ ಸ್ಕೇಲ್‌ನಲ್ಲಿದ್ದರೆ ಗುಂಯ್ ಕೂಡ ಶ್ರುತಿಯ ಹತ್ತಿರವೇ ನಿಂತು, ಕೂಡದೆ ನಡುಗುತ್ತಿರುತ್ತದೆ. ಅಮೆರಿಕದಲ್ಲಿ ಕರೆಂಟ್ 60 ಹರ್ಟ್ಸ್, ಅಲ್ಲಿ ಈ ತೊಂದರೆ ಬಿ ಸ್ವರದ ಹತ್ತಿರ.

ಗುಂಯ್ ಇಲ್ಲದ ಜೆ ಪಿಕಪ್ ಹಾಕಿಸಿದರೆ ಹೋಗುತ್ತದೆ. ಮೇಲಿನ ಗರಿ ಕೊಂಚ ಮೆತ್ತಗಾಗಬಹುದು, ಮಿಕ್ಸ್‌ನಲ್ಲಿ ಯಾರೂ ಗಮನಿಸಲ್ಲ. ದುಡ್ಡು ಖರ್ಚು ಮಾಡುವ ಮೊದಲು ಒಂದು ಕೆಲಸ ಮಾಡಿ: ವೇದಿಕೆಯ ಮೇಲೆ ನಿಂತ ಜಾಗದಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ. ಯಾವುದೋ ಒಂದು ಕೋನದಲ್ಲಿ ಗುಂಯ್ ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ. ಅವತ್ತು ಆ ಕಡೆಗೇ ಮುಖ ಮಾಡಿ ನುಡಿಸಿ.